ರುಬಿಡಿಯಂ ನಂಬಿ ಒಂದು ವಾರ ಹಾಳು ಮಾಡಿಕೊಂಡೆ

ಮನೆಯಲ್ಲೇ 10 ಮೆಗಾಹರ್ಟ್ಝ್ ಆಸಿಲೇಟರ್ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಹುಟ್ಟಿಸುವ ಸರ್ಕ್ಯೂಟ್) ಕಟ್ಟಿದ್ದೆ. ಅದರ ಫೇಸ್ ನಾಯ್ಸ್, ಅಂದರೆ ಸಿಗ್ನಲ್‌ನ ಲಯದಲ್ಲಿರುವ ಸಣ್ಣ ನಡುಕ, ಅಳೆಯಬೇಕಿತ್ತು. ಅಳೆಯೋಕೆ ಇನ್ನೊಂದು ಒಳ್ಳೆಯ ಸಿಗ್ನಲ್ ಬೇಕು, ಅದೇ ರೆಫರೆನ್ಸ್. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ರುಬಿಡಿಯಂ ಡಬ್ಬವೊಂದಿತ್ತು. ಪರಮಾಣು ಗಡಿಯಾರ ಇರುವಾಗ ಬೇರೆ ಯಾಕೆ ಅಂತ ಅದನ್ನೇ ಹಾಕಿದೆ.

ಎರಡು ಸಿಗ್ನಲ್‌ಗಳನ್ನೂ ಡಬಲ್ ಬ್ಯಾಲೆನ್ಸ್ಡ್ ಮಿಕ್ಸರ್‌ಗೆ, ಅಂದರೆ ಎರಡನ್ನೂ ಗುಣಿಸುವ ಸರ್ಕ್ಯೂಟ್‌ಗೆ, ಕೊಟ್ಟೆ. ನಿಧಾನದ ಪಿಎಲ್‌ಎಲ್ (ಒಂದು ಸಿಗ್ನಲ್‌ನ ಫೇಸನ್ನು ಇನ್ನೊಂದಕ್ಕೆ ಲಾಕ್ ಮಾಡುವ ಸರ್ಕ್ಯೂಟ್) ಒಂದು ಅವುಗಳ ನಡುವೆ 90 ಡಿಗ್ರಿ ಅಂತರ ಹಿಡಿದಿಟ್ಟಿತು. ಆಗ ಮಿಕ್ಸರ್‌ನ ಡಿಸಿ ಹೆಚ್ಚುಕಡಿಮೆ ಸೊನ್ನೆ, ಉಳಿಯುವುದು ನಾಯ್ಸ್. ಅದನ್ನು ಆಂಪ್ಲಿಫೈ ಮಾಡಿ ಕಂಪ್ಯೂಟರಿನ ಸೌಂಡ್ ಕಾರ್ಡ್‌ಗೆ ಬಿಟ್ಟು, ಪರದೆಯಲ್ಲಿ ಗ್ರಾಫ್ ಗೆರೆಯಾಗಿ ನೋಡಿದೆ.

10 ಹರ್ಟ್ಝ್ ಆಫ್‌ಸೆಟ್‌ನಲ್ಲಿ, ಅಂದರೆ ಮೂಲ ಫ್ರೀಕ್ವೆನ್ಸಿಯಿಂದ 10 ಹರ್ಟ್ಝ್ ದೂರದಲ್ಲಿ, ಮೈನಸ್ 102 ಡಿಬಿಸಿ/ಹರ್ಟ್ಝ್ ಬಂತು (ಒಂದು ಹರ್ಟ್ಝ್ ಅಗಲದಲ್ಲಿ ನಾಯ್ಸ್ ಮೂಲ ಸಿಗ್ನಲ್‌ಗಿಂತ 102 ಡೆಸಿಬೆಲ್ ಕೆಳಗೆ). ಬೇಜಾರಾಯ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ತಂದಿದ್ದ ಹಳೆಯ ಓಸಿಎಕ್ಸ್‌ಓ, ಅಂದರೆ ಒಳಗೇ ಹೀಟರ್ ಇರುವ ಕ್ರಿಸ್ಟಲ್ ಆಸಿಲೇಟರ್, ನನ್ನ ಆಸಿಲೇಟರ್ ಜಾಗಕ್ಕೆ ಹಾಕಿ ನೋಡಿದೆ. ಮತ್ತೆ 102. ಇನ್ನೊಂದು ಓಸಿಎಕ್ಸ್‌ಓ ಹಾಕಿದರೂ ಅದೇ ಗೆರೆ. ಮೂರು ಬೇರೆ ಬೇರೆ ಆಸಿಲೇಟರ್ ಒಂದೇ ಅಂಕಿ ತೋರಿಸೋಕೆ ಸಾಧ್ಯನಾ? ನಾನು ವಾರವಿಡೀ ಅಳೆದದ್ದು ರುಬಿಡಿಯಂನ ನಾಯ್ಸನ್ನೇ.

ಆ ಡಬ್ಬದಿಂದ ಹೊರಬರುವುದೂ ಕ್ರಿಸ್ಟಲ್‌ನ ಸಿಗ್ನಲ್ಲೇ. ರುಬಿಡಿಯಂ ಅದನ್ನು ನಿಧಾನವಾಗಿ ತಿದ್ದುತ್ತದೆ, ಅಷ್ಟೇ. ಶ್ರುತಿ ಸರಿಯಿದೆ, ಗಂಟಲು ನಡುಗುತ್ತಿದೆ. ಜಿಪಿಎಸ್‌ಗೆ ಲಾಕ್ ಆದ ಡಬ್ಬದ ಕಥೆಯೂ ಇದೇ, ಒಳಗಿನ ಓಸಿಎಕ್ಸ್‌ಓ ಹೇಗೋ ಡಬ್ಬವೂ ಹಾಗೆ. ಫೇಸ್ ನಾಯ್ಸ್‌ಗೆ ಬೇಕಾದ್ದು ನಿಖರತೆಯಲ್ಲ, ಸದ್ದಿಲ್ಲದಿರುವುದು.

ಎಷ್ಟು ಸದ್ದಿಲ್ಲದಿರಬೇಕು? ರೆಫರೆನ್ಸ್ 10 ಡಿಬಿ ಉತ್ತಮವಿದ್ದರೆ ತಪ್ಪು 0.4 ಡಿಬಿ, ಲೆಕ್ಕಕ್ಕಿಲ್ಲ. ಎರಡೂ ಸಮ ಇದ್ದರೆ 3 ಡಿಬಿ ಜಾಸ್ತಿ ತೋರಿಸುತ್ತೆ. ನನ್ನ ಹತ್ತಿರ 10 ಡಿಬಿ ಉತ್ತಮವಾದದ್ದು ಇರಲಿಲ್ಲ. ಹಾಗಾಗಿ ಆ ಎರಡು ಓಸಿಎಕ್ಸ್‌ಓ ಮತ್ತು ನನ್ನ ಆಸಿಲೇಟರ್ ಸೇರಿಸಿ ಮೂರು ಜೋಡಿ ಮಾಡಿ ಅಳೆದೆ. ಮೂರಕ್ಕೂ ಎ, ಬಿ, ಸಿ ಅಂತ ಹೆಸರಿಟ್ಟರೆ, ಎ-ಬಿ ಜೋಡಿ ಮತ್ತು ಎ-ಸಿ ಜೋಡಿಯ ಅಳತೆ ಕೂಡಿಸಿ, ಬಿ-ಸಿ ಜೋಡಿಯದನ್ನು ಕಳೆದು, ಅರ್ಧ ಮಾಡಿದರೆ ಎ ಒಂದರದೇ ನಾಯ್ಸ್. ಮೊದಲ ಸಲ ಈ ಲೆಕ್ಕವನ್ನು ಡಿಬಿಯಲ್ಲೇ ಮಾಡಿಬಿಟ್ಟಿದ್ದೆ! ಡಿಬಿ ಲಾಗರಿದಮ್ ಅಳತೆ, ಪವರ್‌ಗೆ ಬದಲಿಸಿಕೊಂಡು ಮಾಡಬೇಕು.

ಮೂರರಲ್ಲಿ ಗೆದ್ದ ಓಸಿಎಕ್ಸ್‌ಓ ಈಗ ನನ್ನ ರೆಫರೆನ್ಸ್. ಅದರ ಫ್ರೀಕ್ವೆನ್ಸಿಯನ್ನು ವೋಲ್ಟೇಜ್‌ನಿಂದ ತಿದ್ದಬಹುದು, ಇಲ್ಲದಿದ್ದರೆ ಲಾಕ್ ಮಾಡೋಕೆ ಆಗುತ್ತಿರಲಿಲ್ಲ. ಆದರೆ ಆ ವೋಲ್ಟೇಜ್ ಕೊಡುವ ತಂತಿಗೆ ನಾಯ್ಸ್ ನುಗ್ಗಿದರೆ ನೇರವಾಗಿ ಫೇಸ್ ನಾಯ್ಸ್ ಆಗುತ್ತೆ. ಸ್ವಿಚಿಂಗ್ ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿದ ಮೇಲೆ ಗೆರೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಎರಡೂ ಸಿಗ್ನಲ್‌ಗಳ ದಾರಿಯಲ್ಲಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಭಾಗ) ಇಟ್ಟೆ. ಇಲ್ಲದಿದ್ದರೆ ಮಿಕ್ಸರ್ ಮೂಲಕ ಒಂದು ಆಸಿಲೇಟರ್ ಇನ್ನೊಂದನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು.

ಇನ್ನೊಂದು ವಿಷಯ. ಮೇಜನ್ನು ಬೆರಳಿನಿಂದ ತಟ್ಟಿದರೆ ಪರದೆಯಲ್ಲಿ ಗೆರೆ ಕುಣಿಯುತ್ತಿತ್ತು. ಕ್ರಿಸ್ಟಲ್‌ಗೆ ಅಲುಗಾಟ ಆಗಿಬರಲ್ಲ. ಕಂಪ್ಯೂಟರನ್ನು ನೆಲಕ್ಕಿಳಿಸಿ, ಓಸಿಎಕ್ಸ್‌ಓವನ್ನು ಬಿಸ್ಕತ್ತಿನ ಡಬ್ಬದಲ್ಲಿ ಸ್ಪಂಜಿನ ಮೇಲೆ ಕೂರಿಸಿದೆ. ರಾತ್ರಿಯಿಡೀ ಆನ್ ಇಟ್ಟು ಬೆಳಿಗ್ಗೆ ಅಳೆಯುತ್ತೇನೆ.

100 ಮೆಗಾಹರ್ಟ್ಝ್ ಅಳೆಯೋಕೆ ಈ ರೆಫರೆನ್ಸ್‌ನ ಫ್ರೀಕ್ವೆನ್ಸಿಯನ್ನೇ ಹತ್ತು ಪಟ್ಟು ಮಾಡಿದರೆ ನಾಯ್ಸ್ 20 ಡಿಬಿ ಏರುತ್ತೆ. ದೂರದ ಆಫ್‌ಸೆಟ್‌ನಲ್ಲಿ ಅದು ಸಾಲದು. ಅದಕ್ಕೆ ಒಂದು 100 ಮೆಗಾಹರ್ಟ್ಝ್ ಕ್ರಿಸ್ಟಲ್ ಆಸಿಲೇಟರ್ ಹುಡುಕುತ್ತಾ ಎಸ್.ಪಿ. ರೋಡಿಗೆ ಇನ್ನೂ ಅಲೆಯುತ್ತಿದ್ದೇನೆ.