ಕರೆಂಟ್ ಬಿಲ್ಲಿನ ದುಡ್ಡಲ್ಲೇ ಸೋಲಾರ್ ಕಂತು: ನನ್ನ ಅನುಭವ

ನಮ್ಮ ಮನೆಯ ಆರ್‌ಆರ್ ನಂಬರ್ ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು. ಬಿಲ್ ಪ್ರತಿ ತಿಂಗಳೂ ಅವರ ಹೆಸರಿಗೇ ಬರುತ್ತಿತ್ತು, ನಾನು ಕಟ್ಟುತ್ತಿದ್ದೆ. ಅದನ್ನು ಬದಲಾಯಿಸಬೇಕು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. 2025ರ ಫೆಬ್ರವರಿಯಲ್ಲಿ ಮನೆ ಮಹಡಿಗೆ ಸೋಲಾರ್ ಹಾಕಿಸಲು ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಪೋರ್ಟಲ್ ತೆರೆದು ಅರ್ಜಿ ತುಂಬಲು ಕೂತಾಗ ಅಲ್ಲೇ ನಿಂತುಬಿಟ್ಟೆ. ಮೀಟರ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿ ಹಾಕಬೇಕು, ಸಬ್ಸಿಡಿ ಅವರ ಖಾತೆಗೇ ಬರುತ್ತೆ.

ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆ, ಕಂದಾಯ ಕಟ್ಟಿದ ರಸೀದಿ, ಅಮ್ಮ ಮತ್ತು ತಂಗಿಯ ಒಪ್ಪಿಗೆ ಪತ್ರ. ಇಷ್ಟು ಜೋಡಿಸಿ ಹೆಸರು ಬದಲಾಗುವಷ್ಟರಲ್ಲಿ ಏಪ್ರಿಲ್ ಮುಗಿದಿತ್ತು. ಇದನ್ನು ಓದುತ್ತಿರುವವರು ಬೇರೇನೂ ಮಾಡದಿದ್ದರೂ ಇವತ್ತು ಕರೆಂಟ್ ಬಿಲ್ ತೆಗೆದು ಹೆಸರು ಯಾರದ್ದಿದೆ ಅಂತ ಒಮ್ಮೆ ನೋಡಿಬಿಡಿ. ಹಿರಿಯರ ಹೆಸರಲ್ಲೇ ಇದ್ದರೆ ಆ ಕೆಲಸ ಮೊದಲು ಮುಗಿಸಿ. ಉಳಿದದ್ದಕ್ಕೆಲ್ಲ ಆಮೇಲೆ ದಾರಿ ಸಿಗುತ್ತೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ ಐದು ಜನ. ಫ್ರಿಜ್ಜು, ವಾಷಿಂಗ್ ಮಷೀನು, ಗೀಸರು, ಬೋರ್‌ವೆಲ್ ಮೋಟರು ಎಲ್ಲ ಸೇರಿ ತಿಂಗಳಿಗೆ 320 ಯೂನಿಟ್ ಆಸುಪಾಸು ಉರಿಯುತ್ತೆ. 200 ಯೂನಿಟ್ ದಾಟಿದ ಮೇಲೆ ಗೃಹಜ್ಯೋತಿ ಸಿಗಲ್ಲ, ಪೂರ್ತಿ ಬಿಲ್ ನಮ್ಮದೇ. ನಾನು ಲೆಕ್ಕ ಹಾಕಿದ 2025-26ರಲ್ಲಿ ಯೂನಿಟ್‌ಗೆ 5 ರೂ. 80 ಪೈಸೆ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಲೆಕ್ಕದ 36 ಪೈಸೆ, ಶೇ. 9 ತೆರಿಗೆ, ಮತ್ತೆ ಕಿಲೋವ್ಯಾಟ್‌ಗೆ 145ರಂತೆ ನಮ್ಮ 3 ಕಿಲೋವ್ಯಾಟ್ ಲೋಡಿಗೆ 435 ರೂಪಾಯಿ ನಿಗದಿತ ಶುಲ್ಕ ಇತ್ತು. ಕೂಡಿದರೆ ಸುಮಾರು 2,570. ಈ 435 ರೂಪಾಯಿ ಸೋಲಾರ್ ಹಾಕಿದ ಮೇಲೂ ಹೋಗಲ್ಲ. "ಬಿಲ್ ಸೊನ್ನೆ ಆಗುತ್ತೆ ಸರ್" ಅಂತ ಹೇಳುವವರು ಇದನ್ನು ಹೇಳುವುದೇ ಇಲ್ಲ. ಹಾಗಾಗಿ ನನಗೆ ನಿಜವಾಗಿ ಉಳಿಯುವುದು ತಿಂಗಳಿಗೆ 2,100ರ ಆಸುಪಾಸು. ಆ ಅಂಕಿಯನ್ನು ಡೈರಿಯಲ್ಲಿ ದೊಡ್ಡದಾಗಿ ಬರೆದುಕೊಂಡೆ. ತಿಂಗಳ ಕಂತು ಇದರೊಳಗೆ ಕೂತರೆ ಹಾಕಿಸುವುದು, ಕೂರದಿದ್ದರೆ ಬಿಡುವುದು ಅಂತ ತೀರ್ಮಾನ ಮಾಡಿದೆ.

ಈ ಲೆಕ್ಕ ನನಗೆ ಹೊಳೆದದ್ದಲ್ಲ. ಹೇಳಿಕೊಟ್ಟವರು ಅಪ್ಪ. 2004ರಲ್ಲಿ ಊರಿನ ಮನೆಗೆ ಅವರು ನಾಲ್ಕು ದೀಪದ ಸೋಲಾರ್ ಹಾಕಿಸಿದ್ದರು, ಬ್ಯಾಂಕ್ ಸಾಲದಲ್ಲಿ. ಅದರ ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಪರಿಸರ ವಿಭಾಗ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಮನೆ ದೀಪದ ಸಾಲಕ್ಕೆ ಬಡ್ಡಿ ಇಳಿಸುವ ಯೋಜನೆ ತಂದಿತ್ತು. ನಮ್ಮ ರಾಜ್ಯದ ಸಾವಿರಾರು ಮನೆಗಳಿಗೆ ಹಾಗೆ ಬೆಳಕು ಬಂತು. ಆಗ ಅಮ್ಮ "ಇಷ್ಟು ಸಾಲ ಯಾಕ್ರೀ?" ಅಂತ ಗಾಬರಿ ಆಗಿದ್ದಳು. ಅಪ್ಪ ಸೀಮೆಎಣ್ಣೆಗೆ, ಟಾರ್ಚ್ ಸೆಲ್ಲಿಗೆ, ಮೇಣದ ಬತ್ತಿಗೆ ತಿಂಗಳಿಗೆ ಎಷ್ಟು ಹೋಗುತ್ತೆ ಅಂತ ಒಂದು ಚೀಟಿಯಲ್ಲಿ ಬರೆದು ತೋರಿಸಿದ್ದರು. "ಅಂಗಡಿಗೆ ಕೊಡೋದನ್ನ ಬ್ಯಾಂಕಿಗೆ ಕೊಡ್ತೀವಿ, ಅಷ್ಟೇ" ಅಂದಿದ್ದರು. ನಾನು ಮಾಡಿದ್ದೂ ಅಷ್ಟೇ.

ಇನ್ನು ಎಷ್ಟು ದೊಡ್ಡದು ಬೇಕು ಅನ್ನುವ ಮಾತು. ಬಂದ ಮೂವರು ಸೋಲಾರ್‌ನವರಲ್ಲಿ ಇಬ್ಬರು 5 ಕಿಲೋವ್ಯಾಟ್ ಹಾಕಿಸಿ ಅಂದರು. ಮಹಡಿಯಲ್ಲಿ ಜಾಗ ಇದೆಯಲ್ಲ, ಹೆಚ್ಚಾದ ಕರೆಂಟ್ ಮಾರಿಕೊಳ್ಳಬಹುದು ಅನ್ನುವುದು ಅವರ ವಾದ. ಆದರೆ ಕೇಂದ್ರದ ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ನಿಂತುಹೋಗುತ್ತೆ. 5 ಹಾಕಿದರೂ 10 ಹಾಕಿದರೂ ಅಷ್ಟೇ. ಮೇಲಿನ 2 ಕಿಲೋವ್ಯಾಟ್ ಪೂರ್ತಿ ನಮ್ಮ ಕೈಯಿಂದ. ಮಿಕ್ಕ ಕರೆಂಟಿಗೆ ಸಿಗುವ ದರವೂ ನಾವು ಕೊಳ್ಳುವ ದರಕ್ಕಿಂತ ತುಂಬಾ ಕಡಿಮೆ. ನಮ್ಮ ಕಡೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ. 3 ಕಿಲೋವ್ಯಾಟ್ ಅಂದರೆ ಒಳ್ಳೆ ಬಿಸಿಲಿದ್ದರೆ ತಿಂಗಳಿಗೆ 360. ನಮಗೆ ಬೇಕಾದ್ದು 320. ಮೂರೇ ಸಾಕು ಅಂದೆ.

ಜಾಗದ ವಿಷಯದಲ್ಲಿ ಅಮ್ಮನದೇ ತಕರಾರು. "ಸಂಡಿಗೆ ಎಲ್ಲಿ ಒಣಗಿಸ್ಲಪ್ಪಾ?" ಅಂದಳು. ನಿಜ, ಬೇಸಿಗೆಯಲ್ಲಿ ನಮ್ಮ ಮಹಡಿ ತುಂಬ ಸಂಡಿಗೆ, ಹಪ್ಪಳ, ಮೆಣಸಿನಕಾಯಿ. ಅದಕ್ಕೆ ಪ್ಯಾನೆಲ್ ಕೂರಿಸುವ ಸ್ಟ್ರಕ್ಚರ್ ಎತ್ತರಿಸಿ, ಕೆಳಗೆ ಓಡಾಡುವ ಹಾಗೆ ಮಾಡಿಸಿ, ಪೂರ್ವದ ಕಡೆ ಒಂದು ಪಾಲು ಬಿಸಿಲಿಗೆ ಬಿಟ್ಟೆವು. ಎತ್ತರದ ಸ್ಟ್ರಕ್ಚರ್‌ಗೆ ದುಡ್ಡು ಜಾಸ್ತಿ, ಅದಕ್ಕೆ ಬೇರೆ ಸಬ್ಸಿಡಿ ಇಲ್ಲ. ಆದರೂ ಅದು ದಂಡ ಅಂತ ನನಗೆ ಅನ್ನಿಸಿಲ್ಲ.

ನೀರಿನ ಟ್ಯಾಂಕಿನ ನೆರಳಿನದು ಇನ್ನೊಂದು ಕೆಲಸ. ಶಾಲೆಯಿಂದ ಸೀಮೆಸುಣ್ಣ ತಂದು ಒಂದು ಭಾನುವಾರ ಬೆಳಗ್ಗೆ 9ಕ್ಕೆ, 12ಕ್ಕೆ, 3ಕ್ಕೆ, ಸಂಜೆ 4ಕ್ಕೆ ಟ್ಯಾಂಕು ಮತ್ತು ಪಕ್ಕದ ಮನೆ ಗೋಡೆಯ ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಗೆರೆ ಎಳೆದೆ. ಸೋಲಾರ್‌ನವರು ಗುರುತು ಮಾಡಿದ್ದ ಜಾಗದಲ್ಲಿ ಕೊನೆಯ ಪ್ಯಾನೆಲ್ ಮಧ್ಯಾಹ್ನ ಮೂರರಿಂದ ನೆರಳಿಗೆ ಸಿಕ್ಕುತ್ತಿತ್ತು. ಒಂದೇ ಪ್ಯಾನೆಲ್ ಅಲ್ವಾ ಅಂತ ಬಿಡುವ ಹಾಗಿಲ್ಲ. ಆರೂ ಪ್ಯಾನೆಲ್ ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿರುತ್ತಾರೆ, ಒಂದಕ್ಕೆ ನೆರಳು ಬಿದ್ದರೆ ಉಳಿದವುಗಳ ಕರೆಂಟೂ ಇಳಿಯುತ್ತೆ. ಗೆರೆ ತೋರಿಸಿದ ಮೇಲೆ ಇಡೀ ಸಾಲನ್ನು ನಾಲ್ಕು ಅಡಿ ಸರಿಸಿದರು. ಹತ್ತು ವರ್ಷ ಕಂತು ಕಟ್ಟುವ ವಸ್ತುವಿಗೆ ಒಂದು ಭಾನುವಾರ ಕೊಡಬಹುದು.

ಈಗ ದುಡ್ಡಿನ ಲೆಕ್ಕ. 540 ವ್ಯಾಟಿನ ಆರು ಪ್ಯಾನೆಲ್, 3 ಕಿಲೋವ್ಯಾಟ್ ಇನ್ವರ್ಟರ್, ಎತ್ತರದ ಸ್ಟ್ರಕ್ಚರ್, ಮೂರು ಅರ್ಥಿಂಗ್ ಗುಂಡಿ, ನಾವು ಲೈನಿಗೆ ಕೊಟ್ಟ ಕರೆಂಟನ್ನೂ ಎಣಿಸುವ ನೆಟ್ ಮೀಟರ್ ಎಲ್ಲ ಸೇರಿ 1,80,000. ಪ್ಯಾನೆಲ್ ಡಿಸಿಆರ್ ಆಗಿರಲೇಬೇಕು, ಅಂದರೆ ಸೆಲ್ಲಿನಿಂದ ಹಿಡಿದು ಎಲ್ಲ ನಮ್ಮ ದೇಶದಲ್ಲೇ ತಯಾರಾದದ್ದು. ಅಗ್ಗಕ್ಕೆ ಸಿಗುತ್ತೆ ಅಂತ ಬೇರೆ ಹಾಕಿಸಿದರೆ ಸಬ್ಸಿಡಿ ಬರಲ್ಲ. ಅದರ ಮೇಲೆ ಜಿಎಸ್‌ಟಿ. ಸೋಲಾರ್ ಕೆಲಸದಲ್ಲಿ ಶೇ. 70 ಭಾಗವನ್ನು ಸಾಮಾನು, ಶೇ. 30 ಭಾಗವನ್ನು ಸೇವೆ ಅಂತ ಲೆಕ್ಕ ಹಾಕುತ್ತಾರೆ. ಸಾಮಾನಿಗೆ ಶೇ. 12, ಸೇವೆಗೆ ಶೇ. 18 ಇತ್ತು. ಒಟ್ಟಿಗೆ ಶೇ. 13.8 ಬಿತ್ತು, 24,840 ರೂಪಾಯಿ. ಎಲ್ಲ ಸೇರಿ 2,04,840.

ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ "ಅಂಥ ಸಾಲ ನಮ್ಮಲ್ಲಿಲ್ಲ ಸರ್, ಪರ್ಸನಲ್ ಲೋನ್ ತಗೊಳ್ಳಿ, ಇವತ್ತೇ ಮಾಡಿಕೊಡ್ತೀವಿ" ಅಂದರು. ಬಡ್ಡಿ ಶೇ. 11.5, ಐದು ವರ್ಷ. ಲೆಕ್ಕ ಹಾಕಿದರೆ ಕಂತು 4,000ದ ಹತ್ತಿರ. ನನ್ನ ಡೈರಿಯ 2,100 ಎಲ್ಲಿ, ಇದೆಲ್ಲಿ! ಆ ದಿನ ಮನೆಗೆ ಬಂದು ಸೋಲಾರ್ ಆಸೆಯನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು. ಹೆಂಡತಿ ಬಿಡಲಿಲ್ಲ. ಸರ್ಕಾರಿ ಯೋಜನೆಗಳ ಸಾಲಕ್ಕೆ ಅರ್ಜಿ ಹಾಕುವ ಜನ್ ಸಮರ್ಥ್ ಪೋರ್ಟಲ್ಲಿನಲ್ಲಿ ಅವಳೇ ಹುಡುಕಿದಳು. ಸೂರ್ಯಘರ್ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳು 3 ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಅಡಮಾನ ಇಲ್ಲದೆ ಸಾಲ ಕೊಡುತ್ತವೆ. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರಕ್ಕೆ ಅರ್ಧ ಪರ್ಸೆಂಟ್ ಸೇರಿಸಿದರೆ ಎಷ್ಟೋ ಅಷ್ಟು ಬಡ್ಡಿ. ಹತ್ತು ವರ್ಷದವರೆಗೆ ಅವಧಿ. ನಾವು ಹಾಕಬೇಕಾದ್ದು ಶೇ. 10. ಅಲ್ಲೇ ಅರ್ಜಿ ಹಾಕಿ, ಪ್ರಿಂಟ್ ಹಿಡಿದುಕೊಂಡು ಇನ್ನೊಂದು ಬ್ಯಾಂಕಿಗೆ ಹೋದೆವು. ಜುಲೈನಲ್ಲಿ ಮಂಜೂರಾಯ್ತು. ಜೂನ್‌ನಲ್ಲಿ ರೆಪೋ ಶೇ. 5.5ಕ್ಕೆ ಇಳಿದಿದ್ದರಿಂದ ನಮಗೆ ಶೇ. 6ಕ್ಕೆ ಸಿಕ್ಕಿತು. ಸಾಲ 1,80,000, ಕಂತು 1,998.

2,100ರೊಳಗೆ ಕೂತಿತಲ್ಲ, ಅವತ್ತು ನಮಗಾದ ಖುಷಿ ಅಷ್ಟಿಷ್ಟಲ್ಲ. ಜಿಎಸ್‌ಟಿಯ 24,840 ನಾವು ಕೈಯಿಂದ ಹಾಕಿದೆವು.

ಆಗಸ್ಟ್ ಮಧ್ಯದಲ್ಲಿ ಕೆಲಸ ಮುಗಿದು, ಪರೀಕ್ಷೆ ಆಗಿ, ನೆಟ್ ಮೀಟರ್ ತಿರುಗಿತು. ಸೆಪ್ಟೆಂಬರ್ ಎರಡನೇ ವಾರದಲ್ಲಿ 78,000 ನನ್ನ ಉಳಿತಾಯ ಖಾತೆಗೆ ಬಂತು. ಇಲ್ಲಿ ನಾನು ಮಾಡಿದ ಕೆಲಸವನ್ನು ಎಲ್ಲರೂ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಆ ದುಡ್ಡು ಎರಡು ದಿನವೂ ಖಾತೆಯಲ್ಲಿ ಉಳಿಯದ ಹಾಗೆ ಪೂರ್ತಿ ಸಾಲಕ್ಕೆ ಕಟ್ಟಿದೆ. ದಸರಾ ಹತ್ತಿರದಲ್ಲಿತ್ತು, ಟಿವಿ ಬದಲಾಯಿಸೋಣ ಅಂತ ಮಕ್ಕಳು ಕೇಳುತ್ತಿದ್ದರು. ಸಾಲ 1,02,000ಕ್ಕೆ ಇಳಿಯಿತು. ಬ್ಯಾಂಕಿನವರು ಕಂತು ಇಳಿಸಬೇಕೋ ಅವಧಿ ಇಳಿಸಬೇಕೋ ಅಂತ ಕೇಳಿದರು. ಕಂತು ಇಳಿಸಿದ್ದರೆ 1,130ರ ಆಸುಪಾಸು ಆಗುತ್ತಿತ್ತು, ಹತ್ತು ವರ್ಷ ಕಟ್ಟಬೇಕು, ಬಡ್ಡಿ ಸುಮಾರು 34,000. ಕಂತು ಹಾಗೇ ಇಟ್ಟರೆ ಐದು ವರ್ಷದೊಳಗೆ ಮುಗಿಯುತ್ತೆ, ಬಡ್ಡಿ 16,000 ಚಿಲ್ಲರೆ. ಬಿಲ್ಲಿನಲ್ಲಿ ಉಳಿಯುವ ದುಡ್ಡು ಕಂತಿಗೆ ಸಾಕಾಗುತ್ತಿತ್ತಲ್ಲ, ಎರಡನೆಯದನ್ನೇ ಆರಿಸಿದೆ. ತಿಂಗಳ ಸಂಬಳ ಬಿಗಿ ಇರುವವರಿಗೆ ಮೊದಲನೆಯದೇ ಸರಿ, ಆಗ ಮೊದಲ ತಿಂಗಳಿಂದಲೇ ಒಂದಿಷ್ಟು ಕೈಯಲ್ಲಿ ಉಳಿಯುತ್ತೆ.

ಒಂದು ಬೇಸರ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಒಟ್ಟು ತೆರಿಗೆ ಶೇ. 8.9 ಆಯ್ತು. ನನ್ನ ಬಿಲ್ಲಿಗೆ ಅದು 16,020 ಆಗುತ್ತಿತ್ತು. ಐದು ವಾರದಲ್ಲಿ 8,820 ರೂಪಾಯಿ ಹೋಯ್ತು. ಈಗ ಕೊಟೇಶನ್ ತರಿಸುವವರು ತೆರಿಗೆಯ ಸಾಲನ್ನು ಬೆರಳಿಟ್ಟು ನೋಡಬೇಕು. ಹಳೇ ದರದಲ್ಲೇ ಲೆಕ್ಕ ಹಾಕಿದ ಕಾಗದ ಬಂದರೆ ವಾಪಸ್ ಕೊಡಿ.

ಇನ್ನು ಇನ್ಕಂ ಟ್ಯಾಕ್ಸ್. "ಸರ್, ಸೋಲಾರ್‌ಗೆ ಶೇ. 40 ಟ್ಯಾಕ್ಸ್ ಬೆನಿಫಿಟ್ ಇದೆ" ಅಂತ ಒಬ್ಬ ಮಾರಾಟಗಾರ ನನಗೆ ಹೇಳಿದ್ದರು. ನಮ್ಮ ಆಡಿಟರ್ ಹತ್ತಿರ ಹೋಗಿ ಕೇಳಿದೆ. ಅದು ವ್ಯಾಪಾರ, ಕಾರ್ಖಾನೆಯವರಿಗೆ. ಅಂಗಡಿಯ ಲೆಕ್ಕದಲ್ಲಿ ಸೋಲಾರ್ ತೋರಿಸಿದರೆ ವರ್ಷಕ್ಕೆ ಶೇ. 40 ಸವಕಳಿ, ಅಂದರೆ ವಸ್ತು ಹಳೆಯದಾಗಿ ಇಳಿಯುವ ಬೆಲೆ, ಆದಾಯದಲ್ಲಿ ಕಳೆಯಬಹುದು. ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಿಟ್ಟಿನ ಗಿರಣಿ ಇಟ್ಟಿರುವ ನನ್ನ ಗೆಳೆಯನಿಗೆ ಇದರಿಂದ ಒಳ್ಳೆ ಉಪಯೋಗ ಆಗಿದೆ, ಆದರೆ ಗಿರಣಿಗೆ 78,000ದ ಸಬ್ಸಿಡಿ ಇಲ್ಲ. ಮನೆಗೆ ಸಬ್ಸಿಡಿ ಇದೆ, ಸವಕಳಿ ಇಲ್ಲ. ಎರಡನ್ನೂ ಒಟ್ಟಿಗೆ ಹೇಳಿ ಮಾರುವವರನ್ನು ನಂಬಬೇಡಿ.

ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಅಲ್ಲಿ ಮನೆ ಸೋಲಾರ್ ಖರ್ಚಿನ ಶೇ. 30ರಷ್ಟನ್ನು ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುತ್ತಿದ್ದರು ಅಂತ ಹೇಳುತ್ತಿದ್ದ. 2025ರ ಕೊನೆಗೆ ಅದನ್ನು ನಿಲ್ಲಿಸಿದ್ದಾರೆ. ಕೇಳಲು ಚೆಂದ, ಆದರೆ ಅಂಥದ್ದು ತೆರಿಗೆ ಕಟ್ಟುವವರಿಗೆ ಮಾತ್ರ ದಕ್ಕುತ್ತೆ. ನಮ್ಮಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ನನ್ನಂಥ ಮೇಷ್ಟ್ರಿಗೆ, ಬೀದಿ ಕೊನೆಯ ಟೈಲರ್‌ಗೆ ತೆರಿಗೆ ರಿಯಾಯಿತಿ ಕೊಟ್ಟರೆ ಅದನ್ನು ಯಾವುದರಲ್ಲಿ ಕಳೆಯೋದು? ಖಾತೆಗೆ ನೇರವಾಗಿ ಬರುವ ದುಡ್ಡೇ ನಮಗೆ ಸರಿ.

ನಮ್ಮನೆ ನೋಡಿ ತಂಗಿಗೂ ಆಸೆ ಆಯ್ತು. "ಅಣ್ಣಾ, ನಾವೂ ಹಾಕಿಸೋಣ್ವಾ?" ಅಂದಳು. ಹರಿಹರದಲ್ಲಿ ಅವರ ಮನೆಯ ಬಳಕೆ 120 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಉಳಿಸಲು ಬಿಲ್ಲೇ ಇಲ್ಲದಾಗ ಕಂತು ಎಲ್ಲಿಂದ ಕಟ್ಟೋದು? ಸದ್ಯಕ್ಕೆ ಬೇಡ ಕಣಮ್ಮ ಅಂದೆ.

ಹಾಕಿಸಿದ ಮೇಲೆ ಗೊತ್ತಾದ ಒಂದೆರಡು ಮಾತು. ಕರೆಂಟ್ ಹೋದಾಗ ನಮ್ಮ ಸೋಲಾರೂ ನಿಂತುಹೋಗುತ್ತೆ. ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಸೋಲಾರ್ ಹಾಗೇ. ಲೈನ್ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಕರೆಂಟ್ ಹರಿಯಬಾರದು, ಅದಕ್ಕೆ ಈ ವ್ಯವಸ್ಥೆ. ಸೆಪ್ಟೆಂಬರ್‌ನಲ್ಲಿ ಮೋಡ ಜಾಸ್ತಿ, 250 ಯೂನಿಟ್ ಬಂತು, ಬಿಲ್ 900 ದಾಟಿತು. ಆ ತಿಂಗಳು ಕಂತೂ ಸೇರಿ ಹಳೇ ಬಿಲ್ಲಿಗಿಂತ 300 ರೂಪಾಯಿ ಹೆಚ್ಚು ಹೋಯ್ತು. ಡಿಸೆಂಬರ್‌ನಲ್ಲಿ 340 ಬಂತು, ಬಿಲ್ ಬರೀ 435. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬಿಸಿಲೇರುವ ಮುಂಚೆ ಮೆತ್ತನೆ ಬಟ್ಟೆ ಕಟ್ಟಿದ ಕೋಲಿನಿಂದ ಪ್ಯಾನೆಲ್ ಒರೆಸುತ್ತೇನೆ.

2025ರ ಡಿಸೆಂಬರ್‌ನಲ್ಲಿ ರೆಪೋ ದರ ಇನ್ನೂ ಕಾಲು ಪರ್ಸೆಂಟ್ ಇಳಿಯಿತು. ಸೂರ್ಯಘರ್ ಯೋಜನೆ 2026-27ರ ಆರ್ಥಿಕ ವರ್ಷದವರೆಗೆ ಇದೆ. ಎದುರು ಮನೆಯವರು "ಮೇಷ್ಟ್ರೇ, ನಮ್ಮದೂ ಒಂದು ಲೆಕ್ಕ ಹಾಕಿಕೊಡಿ" ಅಂತ ಬಿಲ್ ಕೊಟ್ಟು ಹೋಗಿದ್ದಾರೆ. 280 ಯೂನಿಟ್, ಮೀಟರ್ ಅವರ ತಾಯಿಯ ಹೆಸರಲ್ಲಿದೆ, ತಾಯಿ ಇದ್ದಾರೆ, ಖಾತೆಯೂ ಅವರದ್ದೇ. ಭಾನುವಾರ ಸೀಮೆಸುಣ್ಣ ಹಿಡಿದುಕೊಂಡು ಅವರ ಮಹಡಿಗೆ ಹೋಗಬೇಕು. ಅವರ ಟ್ಯಾಂಕು ನಮ್ಮದಕ್ಕಿಂತ ದೊಡ್ಡದು.