ಮೈಗೆ ಒಗ್ಗುವ ಖಿನ್ನತೆಯ ಮಾತ್ರೆ: ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ

ಬೆಂಗಳೂರಿನಲ್ಲಿ ಮನಸ್ಸು ಕುಸಿದಾಗ ನೇರವಾಗಿ ಮನೋವೈದ್ಯರ ಕ್ಲಿನಿಕ್ಕಿಗೋ ನಿಮ್ಹಾನ್ಸ್‌ಗೋ ಹೋಗಿ ಔಷಧಿ ಬರೆಸಿಕೊಂಡು ಬರಬಹುದು. ಇಂಗ್ಲೆಂಡಿನ ದಾರಿ ಬೇರೆ. ಇಲ್ಲಿ ಖಿನ್ನತೆಯ ಮಾತ್ರೆ ಶುರು ಮಾಡುವವರು, ಡೋಸ್ ಏರಿಸುವವರು, ಒಗ್ಗದಿದ್ದರೆ ಬದಲಿಸುವವರು ಬಹುಪಾಲು ನಿಮ್ಮ ಜಿಪಿಯೇ, ಅಂದರೆ ನೀವು ಹೆಸರು ನೋಂದಾಯಿಸಿದ ಕುಟುಂಬ ವೈದ್ಯರೇ. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮನೋವೈದ್ಯರನ್ನು ಕಾಣುವುದು ಸಾಮಾನ್ಯವಾಗಿ ಜಿಪಿ ಕಳುಹಿಸಿದ ಮೇಲೆ. ಜಿಪಿ ಭೇಟಿ ಸಾಮಾನ್ಯವಾಗಿ 10 ನಿಮಿಷ. ಯಾರಿಗೆ ಯಾವ ಮಾತ್ರೆ ಒಗ್ಗುತ್ತದೆಂದು ಮುಂಚೆಯೇ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಮೊದಲನೆಯದೇ ಒಗ್ಗಬಹುದು, ಮೂರನೆಯದರವರೆಗೂ ಹೋಗಬೇಕಾಗಬಹುದು. ಹಾಗಾಗಿ ಆ ಹತ್ತು ನಿಮಿಷಕ್ಕೆ ನೀವು ಏನು ಬರೆದುಕೊಂಡು ಹೋಗುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಒಂದು ಮಾತು ಮೊದಲೇ. ಸಾಯುವ ಯೋಚನೆ ಒತ್ತಿ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ. ಜೀವಕ್ಕೇ ಅಪಾಯವೆಂದರೆ 999. ಬರೀ ಮಾತಾಡಲು ಒಬ್ಬರು ಬೇಕೆಂದರೆ ಸಮಾರಿಟನ್ಸ್‌ನ 116 123 ಹಗಲು ರಾತ್ರಿ ಉಚಿತ.

ಜಿಪಿಯ ಮುಂದೆ ನಮ್ಮವರು ಹೆಚ್ಚಾಗಿ ಹೇಳುವುದು ಸುಸ್ತು, ತಲೆಭಾರ, ಗ್ಯಾಸು, ನಿದ್ದೆಯಿಲ್ಲ ಎಂದು. ಅವೆಲ್ಲ ನಿಜವೇ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮಾತು ಹೊಟ್ಟೆಯ ಕಡೆಗೆ ತಿರುಗುತ್ತದೆ. ಯಾವುದರಲ್ಲೂ ಆಸಕ್ತಿ ಉಳಿದಿಲ್ಲ, ಅಳು ಬರುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂಬುದನ್ನೂ ಹೇಳಿ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡಬಹುದು. ಅದು ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ, ಒಟ್ಟು ಅಂಕ 27. ಚಿಕಿತ್ಸೆ ಹೇಗಿರಬೇಕೆಂದು ಸೂಚಿಸುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ 16ಕ್ಕಿಂತ ಕಡಿಮೆ ಬಂದರೆ ಕಡಿಮೆ ತೀವ್ರತೆಯ ಖಿನ್ನತೆ ಎನ್ನುತ್ತದೆ. ಅಂಥವರಿಗೆ ರೋಗಿಯೇ ಬಯಸಿದರೆ ಹೊರತು ಮಾತ್ರೆಯಿಂದ ಶುರು ಮಾಡುವ ರೂಢಿಯಿಲ್ಲ. ಟಾಕಿಂಗ್ ಥೆರಪಿಗೆ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆಗೆ ಕಳುಹಿಸುತ್ತಾರೆ. ಅದಕ್ಕೆ ಜಿಪಿಯ ಪತ್ರವೇ ಬೇಡ, ಆನ್‌ಲೈನಿನಲ್ಲಿ ನೀವೇ ಹೆಸರು ಕೊಡಬಹುದು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಬೇಕೇ ಎಂದು ಕೇಳಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರ ಸುಸ್ತು ಖಿನ್ನತೆಯಂತೆಯೇ ಕಾಣಬಹುದು. ಇಂಗ್ಲಿಷ್ ತಡವರಿಸುವವರು ಕನ್ನಡದ ದುಭಾಷಿ ಬೇಕೆಂದು ಬುಕ್ ಮಾಡುವಾಗಲೇ ಹೇಳಬೇಕು. ಅದಕ್ಕೆ ನೀವು ಹಣ ಕೊಡಬೇಕಿಲ್ಲ. ಗಂಡನನ್ನೋ ಮಗಳನ್ನೋ ದುಭಾಷಿಯಾಗಿ ಕೂರಿಸಿಕೊಂಡರೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ.

ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ ಇದ್ದರೆ, ಅಥವಾ ನಿಮಗೇ ಹಿಂದೆ ನಿದ್ದೆಯಿಲ್ಲದೆ ವಿಪರೀತ ಹುರುಪಿನ ದಿನಗಳು ಬಂದಿದ್ದರೆ ಮರೆಯದೆ ತಿಳಿಸಿ. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮನಸ್ಸು ಉನ್ಮಾದದ ಕಡೆಗೆ ವಾಲುವ ಅಪಾಯವಿದೆ.

ಊರಿನಿಂದ ಮಾತ್ರೆ ತಂದವರು ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ನೆಕ್ಸಿಟೋ ಎಂದರೆ ಎಸಿಟಲೋಪ್ರಾಮ್. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಆ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳು ತೆಗೆದುಕೊಂಡಿರಿ ಎಂದು ಬರೆದುಕೊಳ್ಳಿ. ಬ್ರ್ಯಾಂಡ್ ಹೆಸರಿನ ಕೊನೆಗೆ ‘ಪ್ಲಸ್’ ಇದ್ದರೆ ಹುಷಾರು: ಜೊತೆಗೆ ಕ್ಲೊನಾಜೆಪಾಮ್ ಅಥವಾ ಎಟಿಜೋಲಾಮ್ ಎಂಬ, ಆತಂಕ ತಗ್ಗಿಸುವ ಆದರೆ ಚಟವಾಗಬಲ್ಲ ಔಷಧಿ ಬೆರೆತಿರಬಹುದು. ಎಟಿಜೋಲಾಮ್ 2017ರಿಂದ ಬ್ರಿಟನ್ನಿನಲ್ಲಿ ಕ್ಲಾಸ್ ಸಿ ಮಾದಕದ್ರವ್ಯ. ಊರಿನ ಡಾಕ್ಟರ ಚೀಟಿ ಇದೆಯೆಂದು ಸೂಟ್‌ಕೇಸಿನಲ್ಲಿ ತರಬೇಡಿ, ಪಾರ್ಸೆಲ್ಲಿನಲ್ಲೂ ತರಿಸಬೇಡಿ. ಕ್ಲೊನಾಜೆಪಾಮ್ ತರುವುದಾದರೆ ವೈದ್ಯರ ಪತ್ರ ಬೇಕು, ಮೂರು ತಿಂಗಳಿಗಿಂತ ಕಡಿಮೆ ದಾಸ್ತಾನಿರಬೇಕು. ಅದನ್ನು ಮುಂದುವರಿಸಲು ಇಲ್ಲಿನ ಜಿಪಿಗಳು ಹಿಂಜರಿಯುತ್ತಾರೆ. ಹಾಗೆಂದು ದಿನವೂ ನುಂಗುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಆದ್ದರಿಂದ ಇರುವ ಮಾತ್ರೆ ಮುಗಿಯುವ ಮೊದಲೇ ಜಿಪಿಯ ಬಳಿ ಹೋಗಿ ನಿಧಾನವಾಗಿ ಇಳಿಸುವ ಯೋಜನೆ ಕೇಳಿ.

ಮೊದಲು ಬರೆಯುವುದು ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ: ಸರ್ಟ್ರಲೀನ್ 50 ಮಿಲಿಗ್ರಾಂ, ಸಿಟಲೋಪ್ರಾಮ್ 20, ಎಸಿಟಲೋಪ್ರಾಮ್ 10 ಅಥವಾ ಫ್ಲೂಯಾಕ್ಸೆಟೀನ್ 20. ಹಿಂದೆ ಯಾವ ಮಾತ್ರೆಯಿಂದಲೋ ಸಂಕಟಪಟ್ಟವರು ಇನ್ನೂ ಕಡಿಮೆಯಿಂದ ಶುರು ಮಾಡಬಹುದೇ ಎಂದು ಕೇಳಬಹುದು. ಕಷ್ಟ ಇರುವುದು ಮೊದಲ ಎರಡು ವಾರದಲ್ಲಿ. ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಆಮೇಲೆ. ಹೊಟ್ಟೆ ತೊಳಸುವುದು, ಭೇದಿ, ತಲೆನೋವು, ಬೆವರು, ಇದ್ದ ಆತಂಕವೇ ಹೆಚ್ಚಾದಂತೆ ಅನಿಸುವುದು, ಇವೆಲ್ಲ ಬಹುತೇಕರಿಗೆ ಎರಡು ವಾರದೊಳಗೆ ತಗ್ಗುತ್ತವೆ. ಗುಣ ಗೊತ್ತಾಗಲು ನಾಲ್ಕು ವಾರ ಬೇಕಾಗಬಹುದು. ಐದನೇ ದಿನ ‘ಇದು ನನಗಾಗದು’ ಎಂದು ಡಬ್ಬಿ ಎತ್ತಿಡುವುದು ಇದೇ ಕಾರಣಕ್ಕೆ, ಮತ್ತು ಹಾಗೆ ಕೈಬಿಟ್ಟ ಮಾತ್ರೆ ನಿಜಕ್ಕೂ ಒಗ್ಗುತ್ತಿತ್ತೇ ಎಂಬುದು ಆಮೇಲೆ ತಿಳಿಯುವುದೇ ಇಲ್ಲ. ಸಾಮಾನ್ಯವಾಗಿ ಶುರು ಮಾಡಿದ 2 ವಾರದೊಳಗೆ ಜಿಪಿ ಮತ್ತೆ ನೋಡಬೇಕು. 18ರಿಂದ 25 ವಯಸ್ಸಿನವರನ್ನೂ ಆತ್ಮಹತ್ಯೆಯ ಯೋಚನೆ ಇರುವವರನ್ನೂ ಒಂದೇ ವಾರಕ್ಕೆ ನೋಡಬೇಕು; ಆರಂಭದ ದಿನಗಳಲ್ಲಿ ಕಿರಿಯರಲ್ಲಿ ಆ ಯೋಚನೆ ಹೆಚ್ಚಾಗುವುದುಂಟು. ಆ ಮುಂದಿನ ದಿನಾಂಕವನ್ನು ಮೊದಲ ಭೇಟಿಯಲ್ಲೇ ಕೇಳಿ ಗುರುತು ಹಾಕಿಕೊಂಡು ಹೊರಬನ್ನಿ.

ದಿನಕ್ಕೆ ಒಂದು ಸಾಲು ಬರೆಯಿರಿ: ಎಷ್ಟು ಗಂಟೆಗೆ ನುಂಗಿದೆ, ಏನಾಯಿತು, ಎಷ್ಟು ಹೊತ್ತು, ನಿದ್ದೆ ಎಷ್ಟು. ‘ಒಗ್ಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಜಿಪಿಗೆ ಸುಳಿವು ಸಿಗುವುದಿಲ್ಲ, ಏಕೆಂದರೆ ಒಂದೊಂದು ತೊಂದರೆಗೆ ಒಂದೊಂದು ದಾರಿ. ಹೊಟ್ಟೆ ತೊಳಸಿದರೆ ಊಟದ ಜೊತೆ ನುಂಗುವುದು ಮೊದಲ ಉಪಾಯ. ಬೆಳಿಗ್ಗೆ ಬರೀ ಕಾಫಿ ಕುಡಿಯುವವರು, ಏಕಾದಶಿ ಉಪವಾಸ ಮಾಡುವವರು ರಾತ್ರಿ ಊಟಕ್ಕೋ ಫಲಾಹಾರಕ್ಕೋ ಬದಲಿಸಿಕೊಳ್ಳಬಹುದೇ ಎಂದು ಕೇಳಿ. ನಿದ್ದೆ ಹಾರಿಹೋದರೆ ಬೆಳಿಗ್ಗೆ, ತೂಕಡಿಕೆಯಾದರೆ ರಾತ್ರಿ. ಮಿರ್ಟಾಜಪೀನ್ ಇನ್ನೊಂದು ಬಗೆಯದು. ಅದರಲ್ಲಿ ಓಕರಿಕೆ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ, ಆದರೆ ಹಸಿವು ಹೆಚ್ಚಿ ತೂಕ ಏರುತ್ತದೆ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಆ ಮಾತು ಮೊದಲೇ ಆಗಲಿ. ವೆನ್ಲಾಫ್ಯಾಕ್ಸಿನ್ ಎಂಬ ಮತ್ತೊಂದು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಬಿಪಿ ನೋಡಿಸುತ್ತಿರಬೇಕು. ಹೃದಯದ ತೊಂದರೆ ಇರುವವರಿಗೆ ಸಿಟಲೋಪ್ರಾಮ್, ಎಸಿಟಲೋಪ್ರಾಮ್ ಕೊಡುವ ಮೊದಲು ಇಸಿಜಿ ಬೇಕಾಗಬಹುದು. ವಯಸ್ಸಾದವರು, ಅದರಲ್ಲೂ ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಮಂಕಾಗಿ ಗೊಂದಲದಲ್ಲಿ ಮಾತಾಡತೊಡಗಿದರೆ ಸೋಡಿಯಂ ಇಳಿದಿರಬಹುದು. ತಡಮಾಡದೆ ರಕ್ತಪರೀಕ್ಷೆ ಕೇಳಿ.

ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುವುದು ಲೈಂಗಿಕ ತೊಂದರೆಯನ್ನು. ಆಸೆ ಕುಗ್ಗುವುದು, ಸುಖದ ತುದಿ ಮುಟ್ಟಲು ತಡವಾಗುವುದು ಎಸ್‌ಎಸ್‌ಆರ್‌ಐಗಳಲ್ಲಿ ಸಾಮಾನ್ಯ, ಮತ್ತು ಓಕರಿಕೆಯಂತೆ ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದಲ್ಲ. ಬಾಯಿಬಿಟ್ಟು ಹೇಳಲಾರದೆ ಮಾತ್ರೆಯನ್ನೇ ಸದ್ದಿಲ್ಲದೆ ಬಿಡುವವರಿದ್ದಾರೆ. ಸರ್ಜರಿಯ (ಜಿಪಿಯ ಕ್ಲಿನಿಕ್ಕಿಗೆ ಇಲ್ಲಿ ಹಾಗೆನ್ನುತ್ತಾರೆ) ಆನ್‌ಲೈನ್ ಫಾರಂನಲ್ಲಿ ಎರಡು ಸಾಲು ಬರೆದು ಕಳಿಸಿ, ಸಾಕು. ಡೋಸ್ ಇಳಿಸಬಹುದು, ಮಿರ್ಟಾಜಪೀನ್‌ಗೆ ಬದಲಿಸಬಹುದು. ಎರಡು ಮಾತ್ರೆಗಳಿಂದ ಸಾಕಷ್ಟು ಗುಣ ಕಾಣದವರಿಗೆ ವಾರ್ಟಿಯಾಕ್ಸೆಟೀನ್ ಎಂಬ ಇನ್ನೊಂದು ಮಾತ್ರೆ ಕೊಡಲು ನೈಸ್ ಒಪ್ಪಿಗೆಯಿದೆ. ಅಮೆರಿಕದ ಬಂಧುಗಳು ಹೇಳುವ ಬ್ಯುಪ್ರೊಪಿಯಾನ್ ಎಂಬ ಮಾತ್ರೆಗೆ ಬ್ರಿಟನ್ನಿನಲ್ಲಿ ಪರವಾನಗಿ ಇರುವುದು ಸಿಗರೇಟು ಬಿಡಿಸಲು, ಖಿನ್ನತೆಗಲ್ಲ.

ಸಸ್ಯಾಹಾರಿಗಳಿಗೆ: ಫ್ಲೂಯಾಕ್ಸೆಟೀನ್ ಕ್ಯಾಪ್ಸೂಲಿನ ಚಿಪ್ಪು ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಜನ್ಯ. ಡಬ್ಬಿಯೊಳಗಿನ ಹಾಳೆಯ 6ನೇ ಭಾಗದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಮಾತ್ರೆ ಅಥವಾ ದ್ರವರೂಪ ಸಿಗುತ್ತದೆಯೇ ಎಂದು ಫಾರ್ಮಸಿಸ್ಟರನ್ನು ಕೇಳಿ. ತಲೆನೋವಿಗೆಂದು ಐಬುಪ್ರೊಫೇನ್ ನುಂಗಬೇಡಿ, ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಪ್ಯಾರಾಸಿಟಮಾಲ್ ಆದೀತು. ಗಿಡಮೂಲಿಕೆಯೆಂದು ಅಂಗಡಿಯಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಬೇಡವೇ ಬೇಡ. ಊರಿನಿಂದ ತಂದ ಅಶ್ವಗಂಧವನ್ನೂ ಮುಚ್ಚುಮರೆ ಮಾಡದೆ ಹೇಳಿ.

ಬದಲಿಸುವಾಗ ನಿಮ್ಮಷ್ಟಕ್ಕೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಡಿ. ಕೆಲವನ್ನು ಮರುದಿನವೇ ಬದಲಿಸಬಹುದು, ಕೆಲವನ್ನು ಒಂದನ್ನಿಳಿಸುತ್ತ ಇನ್ನೊಂದನ್ನೇರಿಸಬೇಕು. ಫ್ಲೂಯಾಕ್ಸೆಟೀನ್ ಬಿಟ್ಟ ಮೇಲೂ ವಾರಗಟ್ಟಲೆ ಮೈಯಲ್ಲಿರುತ್ತದೆ. ದಿನ ದಿನದ ಪಟ್ಟಿ ಬರೆಸಿಕೊಳ್ಳಿ. ಒಗ್ಗದ ಮಾತ್ರೆಯ ಹೆಸರನ್ನೂ ಕಾರಣವನ್ನೂ ನಿಮ್ಮ ದಾಖಲೆಗೆ ಸೇರಿಸಲು ಹೇಳಿ, ಇಲ್ಲವಾದರೆ ಮನೆ ಬದಲಿಸಿ ಹೊಸ ಸರ್ಜರಿಗೆ ಹೋದಾಗ ಅದನ್ನೇ ಮತ್ತೆ ಬರೆದಾರು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಶಾಕ್ ಹೊಡೆದಂತಾಗುವುದು ಬರಬಹುದು. ಪರಾಕ್ಸೆಟೀನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಹೆಚ್ಚು.

ವೀಸಾಕ್ಕೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದರೂ ಇಂಗ್ಲೆಂಡಿನಲ್ಲಿ ಔಷಧಿಗೆ ಬೇರೆ ಹಣ: 2024ರ ಮೇ ತಿಂಗಳ ದರದಂತೆ ಒಂದು ಔಷಧಿಗೆ 9.90 ಪೌಂಡ್. ವರ್ಷವಿಡೀ ಬರೆಸುವ ಔಷಧಿಗಳಿಗೆಲ್ಲ ಒಮ್ಮೆಗೇ ಹಣ ಕಟ್ಟುವ ಮುಂಗಡ ಪ್ರಮಾಣಪತ್ರ 114.50 ಪೌಂಡ್, ಹತ್ತು ಕಂತಿನಲ್ಲಿ ಕಟ್ಟಬಹುದು. ತಿಂಗಳಿಗೊಂದು ಔಷಧಿಯಾದರೂ ಸ್ವಲ್ಪ ಉಳಿತಾಯ, ಎರಡಾದರೆ ಒಳ್ಳೆಯ ಉಳಿತಾಯ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಔಷಧಿಗೆ ಹಣವೇ ಇಲ್ಲ. ಸಾಮಾನ್ಯವಾಗಿ 28 ದಿನದ ಮಾತ್ರೆ ಕೊಡುತ್ತಾರೆ. ಒಂದು ವಾರದ್ದು ಉಳಿದಿರುವಾಗಲೇ ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಮುಂದಿನದನ್ನು ಕೇಳಿ. ಊರಿಗೆ ಆರು ವಾರ ಹೋಗುವುದಾದರೆ ಟಿಕೆಟ್ ಮಾಡಿಸಿದ ಕೂಡಲೇ ಸರ್ಜರಿಗೆ ತಿಳಿಸಿ ಅಷ್ಟು ದಿನದ್ದನ್ನೂ ಒಟ್ಟಿಗೆ ಬರೆಸಿಕೊಳ್ಳಿ, ಮಾತ್ರೆಗಳನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳಿ.