ಅಟ್ಲಾಂಟಿಕ್ ದಾಟುವ ಬಿಸಿನೆಸ್ ಕ್ಲಾಸ್: ಕಂಪನಿಗಿಂತ ಮೊದಲು ವಿಮಾನ ನೋಡಿ

"ಅಮೆರಿಕಕ್ಕೆ ಬಿಸಿನೆಸ್ ಕ್ಲಾಸಲ್ಲಿ ಹೋಗೋಕೆ ಯಾವ ಏರ್‌ಲೈನ್ಸ್ ಒಳ್ಳೇದು?" ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ, ಮಕ್ಕಳ ಪದವಿ ಸಮಾರಂಭಕ್ಕೆಂದು ಮೇ ತಿಂಗಳಲ್ಲಿ ಹೊರಡುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಪುತ್ತರಿ ಹಬ್ಬಕ್ಕೆ ಕೊಡಗಿಗೆ ಬರುವ ಮಕ್ಕಳೂ ಇದನ್ನೇ ಕೇಳುತ್ತಾರೆ. ಹೀಗೆ ಕೇಳಿದರೆ ಉತ್ತರ ಸಿಗದು. ಒಂದೇ ಕಂಪನಿ, ಹೆಚ್ಚುಕಮ್ಮಿ ಒಂದೇ ದರ; ಒಂದು ವಿಮಾನದಲ್ಲಿ ಬಾಗಿಲಿರುವ ಪುಟ್ಟ ಕೋಣೆ, ಇನ್ನೊಂದರಲ್ಲಿ ಪಕ್ಕದವರ ಕಾಲು ದಾಟಿ ಶೌಚಾಲಯಕ್ಕೆ ಹೋಗಬೇಕಾದ ಸೀಟು. ಅದಕ್ಕೇ ನನ್ನ ಹೋಲಿಕೆ ಪಟ್ಟಿಯಲ್ಲಿ ಮೊದಲ ಕಾಲಂ ವಿಮಾನದ ಮಾದರಿ, ಎರಡನೆಯದು ಸಾಲಿಗೆ ಎಷ್ಟು ಸೀಟು ಎಂಬುದು, ಮೂರನೆಯದು ಹೊರಡುವ ಹೊತ್ತು. ದರ ಕೊನೆಗೆ.

ಬ್ರಿಟಿಷ್ ಏರ್‌ವೇಸ್ ಒಳ್ಳೆಯ ಉದಾಹರಣೆ. 2019ರಲ್ಲಿ ಎ350-1000 ವಿಮಾನದ ಜೊತೆ ಬಂದ ಕ್ಲಬ್ ಸ್ವೀಟ್ ಎಂಬ ಬಿಸಿನೆಸ್ ಸೀಟು ಸಾಲಿಗೆ 1-2-1, ಅಂದರೆ ಎರಡೂ ಕಿಟಕಿ ಬದಿಗೆ ಒಂದೊಂದು, ನಡುವೆ ಎರಡು; ಪ್ರತಿ ಸೀಟಿಗೂ ಬಾಗಿಲು, ಎಲ್ಲರಿಗೂ ನೇರ ಓಣಿಗೆ ದಾರಿ. ಅದೇ ಕಂಪನಿಯ ಹಳೆಯ ಜೋಡಣೆ 777ರಲ್ಲಿ 2-4-2, 787ರಲ್ಲಿ 2-3-2. ಅಲ್ಲಿ ಕಿಟಕಿ ಸೀಟಿನವರು ವಿಮಾನದ ಹಿಂಬದಿಗೆ ಮುಖ ಮಾಡಿ ಕೂರಬೇಕು, ರಾತ್ರಿ ಏಳಬೇಕಾದರೆ ಪಕ್ಕದವರ ಚಾಚಿದ ಕಾಲು ದಾಟಬೇಕು. ಮಂಡಿನೋವಿನವರಿಗೆ ಇದು ಬೇಡವೇ ಬೇಡ. ಹಳೆಯವು ಒಂದೊಂದಾಗಿ ಬದಲಾಗುತ್ತಿವೆ, ಆದರೆ ನಿಮ್ಮ ದಿನಾಂಕಕ್ಕೆ ಯಾವುದು ಬರುತ್ತದೆ ಎಂಬುದನ್ನು ಸೀಟು ನಕ್ಷೆ ತೆರೆದೇ ನೋಡಬೇಕು.

ವರ್ಜಿನ್ ಅಟ್ಲಾಂಟಿಕ್ 2024ರ ಮಾರ್ಚ್ 31ರಿಂದ ಬೆಂಗಳೂರು-ಹೀಥ್ರೂ ನಡುವೆ 787-9 ಓಡಿಸಲು ಶುರು ಮಾಡಿತು. ಆ ವಿಮಾನದ ಅಪ್ಪರ್ ಕ್ಲಾಸ್, ಅಂದರೆ ಅವರ ಬಿಸಿನೆಸ್, 1-1-1. ಎಲ್ಲರಿಗೂ ಓಣಿ ಉಂಟು, ಆದರೆ ಕಿಟಕಿಗೆ ಬೆನ್ನು ಹಾಕಿ ಕೂರುವ ಓರೆ ಸೀಟು. ಮಲಗಬೇಕಾದರೆ ಎದ್ದು ನಿಂತು ಸೀಟನ್ನು ಮಗುಚಬೇಕು. ಅದೇ ಕಂಪನಿಯ ಎ350-1000 ಮತ್ತು ಎ330 ನಿಯೋ ವಿಮಾನಗಳಲ್ಲಿ ಸೀಟು ಬೇರೆಯೇ, 1-2-1, ಕಿಟಕಿ ಕಡೆಗೆ ಮುಖ. ಹೀಥ್ರೂವಿನಿಂದ ಮುಂದಕ್ಕೆ ಅಂಥದ್ದು ಸಿಕ್ಕರೆ ಅದನ್ನೇ ಹಿಡಿಯಿರಿ. ಲುಫ್ತಾನ್ಸಾದ ಹಳೆಯ ಬಿಸಿನೆಸ್ 2-2-2. 2024ರಲ್ಲಿ ಬಂದ ಅಲೆಗ್ರಿಸ್ ಹೊಸದು, ಎಲ್ಲ ವಿಮಾನಗಳಲ್ಲಿ ಇಲ್ಲ. ಅವರ 747-8ರ ಮೇಲಿನ ಮಹಡಿ 2-2, ಗಲಾಟೆ ಕಡಿಮೆ. ಗಂಡ ಹೆಂಡತಿ ಒಟ್ಟಿಗೆ ಹೋಗುವುದಾದರೆ ಈ ಹಳೆಯ ಜೋಡಿ ಸೀಟನ್ನು ನಾನು ಕಡೆಗಣಿಸುವುದಿಲ್ಲ. ಒಬ್ಬರೇ ಹೋಗುವವರಿಗೆ ಮಾತ್ರ ಬೇಡ ಎನ್ನುತ್ತೇನೆ. ಕೆಎಲ್ಎಂನ 787ರಲ್ಲಿ 1-2-1, ಎ330ರಲ್ಲಿ 2-2-2. ಡೆಲ್ಟಾದ ಎ330 ನಿಯೋ ಮತ್ತು ಹೆಚ್ಚಿನ ಎ350ಗಳಲ್ಲಿ ಬಾಗಿಲಿನ ಸ್ವೀಟ್ ಇದೆ, 767ರಲ್ಲಿ ಬಾಗಿಲಿಲ್ಲ. ಯುನೈಟೆಡ್‌ನ ಬಿಸಿನೆಸ್ ಆದ ಪೊಲಾರಿಸ್ 777, 787ರಲ್ಲಿ 1-2-1.

ಬಾಗಿಲಿಗೆ ಜನ ಕೊಡುವ ಬೆಲೆ ಜಾಸ್ತಿಯಾಯಿತು ಅನ್ನಿಸುತ್ತದೆ. ಏರುವಾಗ ಇಳಿಯುವಾಗ ಅದು ತೆರೆದೇ ಇರಬೇಕು, ನಡುವೆ ಮುಚ್ಚಿದರೂ ಮೇಲೆ ತೆರೆದಿರುವುದರಿಂದ ಸದ್ದು ತಡೆಯದು. ನಿದ್ದೆ ಕೆಡಿಸುವುದು ಕಾಲಿಡುವ ಗೂಡು. ಸೀಟುಗಳನ್ನು ಹಿಂದೆ ಮುಂದೆ ಹೊಂದಿಸಿದ ವಿಮಾನಗಳಲ್ಲಿ ನಿಮ್ಮ ಪಾದ ಮುಂದಿನವರ ಪಕ್ಕದ ಮೇಜಿನ ಕೆಳಗೆ ತೂರುತ್ತದೆ. ಅಲ್ಲಿ ಜಾಗ ಕಿರಿದು, ಮಗ್ಗುಲಾಗಿ ಮಲಗಿದರೆ ಪಾದ ತಾಗುತ್ತದೆ. ಎತ್ತರದವರಿಗೆ ಮೊದಲ ಸಾಲು ಹಿಡಿಯುವುದು ಇದಕ್ಕೇ, ಅಲ್ಲಿ ಗೂಡು ಸಾಮಾನ್ಯವಾಗಿ ಅಗಲ. ಇಂಥ ವಿಮಾನಗಳಲ್ಲೇ ಕಿಟಕಿ ಬದಿಯ ಒಂದು ಸಾಲಿನ ಸೀಟು ಕಿಟಕಿಗೆ ಅಂಟಿಕೊಂಡಿದ್ದರೆ ಮುಂದಿನ ಸಾಲಿನದು ಓಣಿಗೆ ಅಂಟಿರುತ್ತದೆ. ನಡುವಿನ ಜೋಡಿಯೂ ಹಾಗೆಯೇ, ಒಂದು ಸಾಲಿನಲ್ಲಿ ಹತ್ತಿರ, ಇನ್ನೊಂದರಲ್ಲಿ ದೂರ. ಕಂಪನಿಯ ನಕ್ಷೆ ಇದನ್ನು ಸರಿಯಾಗಿ ತೋರಿಸದು. ಏರೋಲೋಪಾ ತಾಣದಲ್ಲಿ ಅಳತೆಗೆ ಬರೆದ ನಕ್ಷೆ ಸಿಗುತ್ತದೆ. ಅಡುಗೆಕೋಣೆಗೂ ಶೌಚಾಲಯಕ್ಕೂ ತಾಗಿದ ಸಾಲು ಬಿಡಿ.

ಹುಡುಕುವಾಗ ಗೂಗಲ್ ಫ್ಲೈಟ್ಸ್‌ನಲ್ಲಿ ಬಿಸಿನೆಸ್ ಆರಿಸಿ, ಪ್ರತಿ ಪ್ರಯಾಣದ ವಿವರ ಬಿಡಿಸಿ ಎರಡು ಸಾಲು ಓದಿ: ವಿಮಾನದ ಮಾದರಿ ಮತ್ತು ಅದನ್ನು ನಿಜವಾಗಿ ಓಡಿಸುವ ಕಂಪನಿ. ಯುನೈಟೆಡ್‌ನ ಸಂಖ್ಯೆ ಇದ್ದರೂ ಹಾರುವುದು ಲುಫ್ತಾನ್ಸಾ ಆಗಿರಬಹುದು. ಆಮೇಲೆ ಓಡಿಸುವ ಕಂಪನಿಯ ತಾಣಕ್ಕೆ ಹೋಗಿ, ಹಣ ಕಟ್ಟುವ ಮೊದಲು ಸೀಟು ನಕ್ಷೆ ತೆರೆದು ಒಂದು ಸಾಲು ಎಣಿಸಿ. ಕಿಟಕಿ ಬದಿಯಲ್ಲಿ ಎರಡು ಸೀಟು ಕಂಡರೆ ಅದು ಹಳೆಯ ಜೋಡಣೆ. ಬಿಸಿನೆಸ್ ಎಂದು ತೋರಿಸಿದ ದರದೊಳಗೆ ಪ್ರಯಾಣದ ಒಂದು ತುಂಡು ಎಕಾನಮಿಯಾಗಿ ಅಡಗಿರುವುದೂ ಉಂಟು; ಅದು ಸಣ್ಣ ಅಕ್ಷರದಲ್ಲಿರುತ್ತದೆ. ಇನ್ನೊಂದು ಗೊತ್ತಿರಬೇಕು: ಯುರೋಪಿನ ಒಳಗೆ, ಲಂಡನ್‌ನಿಂದ ಫ್ರಾಂಕ್‌ಫರ್ಟ್‌ಗೆ ಎನ್ನುವಂಥ ಹಾರಾಟದಲ್ಲಿ, ಬಿಸಿನೆಸ್ ಎಂದರೆ ಅದೇ ಎಕಾನಮಿ ಸೀಟು, ನಡುವಿನದ್ದನ್ನು ಖಾಲಿ ಬಿಟ್ಟಿರುತ್ತಾರೆ ಅಷ್ಟೇ. ಬೇಡದ ನಿಲುಗಡೆ ಸೇರಿಸಿ ಅಗ್ಗ ಮಾಡಿದ ದರದಲ್ಲಿ ಇದು ಜಾಸ್ತಿ.

ಇಲ್ಲಿ ನಾನು ಹೆಚ್ಚು ಬಳಸುವ ಉಪಾಯ ಒಂದಿದೆ. ಅಟ್ಲಾಂಟಿಕ್ ಮೇಲೆ ಕಂಪನಿಗಳು ಪಾಲುದಾರಿಕೆಯಲ್ಲಿ ಓಡುತ್ತವೆ: ಬ್ರಿಟಿಷ್ ಏರ್‌ವೇಸ್ ಅಮೆರಿಕನ್ ಜೊತೆ, ಏರ್ ಫ್ರಾನ್ಸ್, ಕೆಎಲ್ಎಂ, ವರ್ಜಿನ್, ಡೆಲ್ಟಾ ಒಟ್ಟಿಗೆ, ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ ಒಟ್ಟಿಗೆ. ಹೆಚ್ಚಿನ ವೇಳೆ ಒಂದೇ ದರಕ್ಕೆ ಪಾಲುದಾರರ ಯಾವ ವಿಮಾನವಾದರೂ ಸಿಗುತ್ತದೆ. ಬೆಂಗಳೂರಿನಿಂದ ಪ್ಯಾರಿಸ್‌ಗೆ ಏರ್ ಫ್ರಾನ್ಸ್, ಅಲ್ಲಿಂದ ಮುಂದಕ್ಕೆ ಅದೇ ಕಂಪನಿಯೋ ಡೆಲ್ಟಾವೋ ಎಂಬುದನ್ನು ಆ ದಿನದ ವಿಮಾನ ನೋಡಿ ತೀರ್ಮಾನಿಸಬಹುದು. ಏಜೆಂಟರಿಗೆ "ಚೀಪೆಸ್ಟ್ ಬಿಸಿನೆಸ್ ಕೊಡಿ" ಎನ್ನುವ ಬದಲು ಬೇಕಾದ ವಿಮಾನ ಸಂಖ್ಯೆ ಬರೆದು ಕೊಡಿ. ನ್ಯೂಯಾರ್ಕ್-ಲಂಡನ್ ನಡುವೆ ಎ321ರಲ್ಲಿ 1-1 ಸೀಟಿಟ್ಟು ಓಡಿಸುವ ಜೆಟ್‌ಬ್ಲೂ ಕಂಪನಿಯ ಮಿಂಟ್ ಬಿಸಿನೆಸ್ ಆಸೆ ಹುಟ್ಟಿಸುತ್ತದೆ, ಆದರೆ ಪ್ರತ್ಯೇಕ ಟಿಕೆಟಾದರೆ ಮೊದಲ ವಿಮಾನ ತಡವಾದಾಗ ಎರಡನೆಯದಕ್ಕೆ ಯಾರೂ ಹೊಣೆಯಲ್ಲ, ಲಗೇಜನ್ನೂ ನೀವೇ ಇಳಿಸಿ ಏರಿಸಬೇಕು.

ದಿಕ್ಕಿನ ವಿಚಾರಕ್ಕೆ ಬರುತ್ತೇನೆ, ಹಣ ಉಳಿಯುವುದು ಇಲ್ಲೇ. ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು ಎಂಟು ಗಂಟೆ, ವಾಪಸಿಗೆ ಏಳು ಗಂಟೆ ಸಾಕು. ಹೋಗುವಾಗ ಯುರೋಪಿನಿಂದ ಹೆಚ್ಚಿನವು ಹಗಲು ಹೊರಡುತ್ತವೆ, ಹಗಲೇ ಇಳಿಯುತ್ತವೆ. ಊಟ ಮಾಡಿ ಕೂತು ಕಳೆಯುವ ಹೊತ್ತು ಅದು. ಬರುವಾಗ ರಾತ್ರಿ. ಏಳು ಗಂಟೆಯಲ್ಲಿ ಏರುವುದು, ಇಳಿಯುವುದು, ರಾತ್ರಿ ಊಟ, ಬೆಳಗಿನ ತಿಂಡಿ ಕಳೆದರೆ ನಿದ್ದೆಗೆ ಉಳಿಯುವುದು ನಾಲ್ಕು ಗಂಟೆ. ಒಳ್ಳೆಯ ಸೀಟು ಬರುವಾಗಲೇ ಬೇಕು, ಊಟ ಲೌಂಜಿನಲ್ಲೇ ಮುಗಿಸಿ ಹತ್ತಿದ ಕೂಡಲೇ ಮಲಗಬೇಕು. ಇನ್ನು ಬೆಂಗಳೂರು-ಯುರೋಪ್ ಹಾರಾಟ ಹತ್ತು ಗಂಟೆಯಷ್ಟು, ಹಲವು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಅಂದರೆ ನಮ್ಮವರಿಗೆ ಅಟ್ಲಾಂಟಿಕ್‌ಗಿಂತ ಆ ತುಂಡಿನ ಹಾಸಿಗೆಯೇ ಮುಖ್ಯ. ಖರ್ಚು ಹಿಡಿಯಬೇಕಾದರೆ ಹೋಗುವಾಗಿನ ಅಟ್ಲಾಂಟಿಕ್ ತುಂಡನ್ನು ಮಾತ್ರ ಪ್ರೀಮಿಯಂ ಎಕಾನಮಿ ಮಾಡಿ ದರ ಕೇಳಿ. ಇಳಿದರೆ ಸರಿ, ಇಳಿಯದಿದ್ದರೆ ಬಿಡಿ.

ಗಲ್ಫ್ ದಾರಿಯನ್ನೂ ಪಟ್ಟಿಗೆ ಸೇರಿಸಿ. ಅಲ್ಲಿ ಮೊದಲ ತುಂಡು ನಾಲ್ಕು ಗಂಟೆ, ಎರಡನೆಯದು ಹದಿಮೂರು ಹದಿನಾಲ್ಕು. ಒಂದೇ ಸಲ ಉದ್ದಕ್ಕೆ ಮಲಗುವವರಿಗೆ ಇದು ಉತ್ತಮ. ಕತಾರ್‌ನ ಕ್ಯೂಸ್ವೀಟ್‌ಗೆ ಬಾಗಿಲಿದೆ. ಎಮಿರೇಟ್ಸ್‌ನ ಎ380ರಲ್ಲಿ 1-2-1, ಹಳೆಯ 777ರಲ್ಲಿ 2-3-2, ಅಂದರೆ ನಡುಸೀಟೂ ಉಂಟು. ಎತಿಹಾದ್‌ನಲ್ಲಿ ಹೋದರೆ ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರನ್ನು ಕಳಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಯುರೋಪ್ ಮೂಲಕ ಹೋಗಿ ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವುದಾದರೆ, ಸಾಮಾನ್ಯವಾಗಿ ಅಲ್ಲಿನ ಮೊದಲ ನಿಲ್ದಾಣದಲ್ಲಿ ಲಗೇಜು ಇಳಿಸಿಕೊಂಡು ಮತ್ತೆ ಕೊಡಬೇಕು.

ಟ್ರಾನ್ಸಿಟ್ ವೀಸಾ ನಿಯಮ ದೇಶದಿಂದ ದೇಶಕ್ಕೆ ಬೇರೆ, ಬದಲಾಗುತ್ತಲೂ ಇರುತ್ತದೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರಿಗೆ ಬ್ರಿಟನ್, ಜರ್ಮನಿ, ಫ್ರಾನ್ಸ್‌ನಲ್ಲಿ ವಿನಾಯಿತಿ ಉಂಟು; ಆದರೂ ಟಿಕೆಟ್‌ಗೆ ಮುಂಚೆ ಆಯಾ ದೇಶದ ಅಧಿಕೃತ ತಾಣ ನೋಡಿ. ಲಂಡನ್‌ನಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಇರುವ ಯೋಚನೆಗೆ ಬೇರೆ ವೀಸಾ ಬೇಕು, ಜೊತೆಗೆ ತೆರಿಗೆ: ಒಂದೇ ಟಿಕೆಟಿನಲ್ಲಿ 24 ಗಂಟೆಯೊಳಗೆ ಮುಂದೆ ಹೊರಟರೆ ಬ್ರಿಟನ್ನಿನ ಪ್ರಯಾಣ ಸುಂಕ ಇಲ್ಲ, ಮೀರಿದರೆ ಬಿಸಿನೆಸ್‌ಗೆ ತಲೆಗೆ 200 ಪೌಂಡ್ ದಾಟುತ್ತದೆ. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ಟಿಕೆಟಿನ ಜಿಎಸ್‌ಟಿ 12ರಿಂದ ಶೇ 18ಕ್ಕೆ ಏರಿದೆ. ಏಜೆಂಟ್ ಫೋನಿನಲ್ಲಿ ಹೇಳಿದ ದರ ಇದನ್ನು ಸೇರಿಸಿಯೋ ಬಿಟ್ಟೋ ಎಂದು ಕೇಳಿಯೇ ಹೋಲಿಸಿ. ದಿನಾಂಕ ಬದಲಿಸುವ ಶುಲ್ಕವನ್ನೂ ಬರೆಸಿಕೊಳ್ಳಿ. ಮೊಮ್ಮಗುವಿನ ಆರೈಕೆಗೆ ಹೋದವರ ವಾಪಸು ದಿನಾಂಕ ನಿಲ್ಲುವುದು ಅಪರೂಪ. ಬ್ರಿಟಿಷ್ ಏರ್‌ವೇಸ್‌ನಂಥವರು ಬಿಸಿನೆಸ್‌ನಲ್ಲೂ ಮುಂಗಡ ಸೀಟಿಗೆ ಹಣ ಕೇಳುತ್ತಾರೆ, ಅದೂ ದರಕ್ಕೆ ಸೇರಲಿ.

ಮಡಿಕೇರಿಯಿಂದ ದೇವನಹಳ್ಳಿಗೆ ಆರೇಳು ಗಂಟೆ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ದಾರಿ ನಿಲ್ಲುವುದು ಹೊಸತಲ್ಲ, ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬೇಗ ತಲುಪಿದರೂ ಚೆಕ್‌-ಇನ್ ಕೌಂಟರ್ ತೆರೆಯುವ ತನಕ ಲೌಂಜ್ ಸಿಗದು. ವಿರಾಜಪೇಟೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ಆದರೆ ಯುರೋಪಿನ ಕಂಪನಿಗಳು ಅಲ್ಲಿಗೆ ಬರುವುದಿಲ್ಲ.

ಊಟದ ಕೋಡನ್ನು 48 ಗಂಟೆ ಮುಂಚೆಯೇ ಹಾಕಿಸಿ. ಬೆಂಗಳೂರಿನಿಂದ ಹೊರಡುವಾಗ ನಮ್ಮ ಊಟ ಇದ್ದೇ ಇರುತ್ತದೆ, ಅಟ್ಲಾಂಟಿಕ್ ತುಂಡಿನಲ್ಲಿ ಕೇಳದಿದ್ದರೆ ಇರದು. ಎವಿಎಂಎಲ್ ಎಂದರೆ ಮಸಾಲೆಯ ಸಸ್ಯಾಹಾರ. ಎಚ್‌ಎನ್‌ಎಂಎಲ್ ಎಂದರೆ ದನದ ಮಾಂಸವಿಲ್ಲದ ಮಾಂಸಾಹಾರ. ಗಾಲಿಕುರ್ಚಿಗೂ ಕೋಡ್ ಉಂಟು: ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯುಸಿಎಚ್‌ಆರ್, ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್. ಲಗೇಜು ಸಾಮಾನ್ಯವಾಗಿ ತಲೆಗೆ 32 ಕೆಜಿಯ ಎರಡು ಪೆಟ್ಟಿಗೆ. ಹುರಿದ ಕಾಫಿಪುಡಿ, ಕರಿಮೆಣಸು ಒಯ್ಯಬಹುದು. ಕಾಚಂಪುಳಿ ಬಾಟಲಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ. ಪಂದಿಕರಿ ಎಷ್ಟೇ ಗಟ್ಟಿಯಾಗಿ ಕಟ್ಟಿದರೂ ಅಮೆರಿಕದಲ್ಲಿ ಕಿತ್ತುಕೊಳ್ಳುತ್ತಾರೆ.

ಕೊನೆಯ ಅಪಾಯ ವಿಮಾನ ಬದಲಾವಣೆ. ಬುಕ್ ಮಾಡಿದ ಮೇಲೂ ವಾರಕ್ಕೊಮ್ಮೆ ಸೀಟು ನಕ್ಷೆ ತೆರೆಯಿರಿ. ಸಾಲಿನ ಎಣಿಕೆ ಬದಲಾಗಿದ್ದರೆ ಕೂಡಲೇ ಫೋನ್ ಮಾಡಿ ಒಳ್ಳೆಯ ಸೀಟು ಕೇಳಿ. ಹಳೆಯ ಸೀಟು ಬಂದಿತೆಂದು ಪರಿಹಾರ ಸಿಗದು. ಬಿಸಿನೆಸ್‌ನಿಂದ ಕೆಳಗಿನ ದರ್ಜೆಗೆ ಇಳಿಸಿದರೆ ಮಾತು ಬೇರೆ: ಯುರೋಪಿಯನ್ ಒಕ್ಕೂಟದ 261/2004 ನಿಯಮದಂತೆ 3,500 ಕಿ.ಮೀ. ಮೀರಿದ ಹಾರಾಟಕ್ಕೆ ಆ ತುಂಡಿನ ದರದ ಶೇ 75 ಹಿಂದಿರುಗಿಸಬೇಕು. ಬ್ರಿಟನ್ನಿನಲ್ಲೂ ಇದೇ ಬಗೆಯ ಕಾನೂನಿದೆ. ಒಕ್ಕೂಟದಿಂದ ಹೊರಡುವ ಎಲ್ಲ ಕಂಪನಿಗೂ, ಅಲ್ಲಿಗೆ ಬರುವಾಗ ಒಕ್ಕೂಟದ ಕಂಪನಿಗಳಿಗೆ ಮಾತ್ರ ಇದು ಅನ್ವಯ. ಅಂಥ ವೇಳೆ ಕೌಂಟರಿನಲ್ಲಿ ವೋಚರ್ ಕೊಡಲು ಬಂದರೆ ಸಹಿ ಹಾಕಬೇಡಿ. ಹಳೆಯ, ಹೊಸ ಬೋರ್ಡಿಂಗ್ ಪಾಸ್ ಎರಡರ ಫೋಟೊ ತೆಗೆದಿಟ್ಟುಕೊಂಡು, ಮನೆಗೆ ಬಂದ ಮೇಲೆ ವಿಮಾನ ಓಡಿಸಿದ ಕಂಪನಿಗೇ ಅರ್ಜಿ ಹಾಕಿ.